ಮುಹೂರ್ತವಿದ್ದ ಕೆಲಸ, ಮುಹೂರ್ತವಿಲ್ಲದ ಕೆಲಸ



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ದೇವಸ್ಥಾನದ ಜೀರ್ಣೋದ್ಧಾರ ಹೊಸ ವಿಷಯವೇನೂ ಅಲ್ಲ. ಊರಿಗೊಂದು ಸಮಿತಿ ಇರುತ್ತದೆ, ಸಮಿತಿಗೊಂದು ರಶೀದಿ ಪುಸ್ತಕ ಇರುತ್ತದೆ. ತಂತ್ರಿಗಳು ಪಂಚಾಂಗ ನೋಡಿ ಬ್ರಹ್ಮಕಲಶೋತ್ಸವಕ್ಕೆ ಇಂಥ ತಿಂಗಳು, ಇಂಥ ದಿನ, ಇಂಥ ಲಗ್ನ ಎಂದು ಹೇಳಿಬಿಟ್ಟರೆ ಮುಗಿಯಿತು. ಆ ದಿನವನ್ನು ಅಲ್ಲಾಡಿಸುವ ಧೈರ್ಯ ಯಾರಿಗೂ ಇಲ್ಲ. ಮುಂಬೈ, ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಊರವರು ರೈಲಿಗೆ ಟಿಕೆಟು ಮಾಡಿಸುತ್ತಾರೆ, ಚಪ್ಪರದವರಿಗೆ ಮುಂಗಡ ಹೋಗುತ್ತದೆ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುತ್ತದೆ. ಇನ್ನು ಉಳಿದಿರುವುದು ಆ ದಿನದಿಂದ ಹಿಂದಕ್ಕೆ ಎಣಿಸುವುದು.

ಹಿಂದಕ್ಕೆ ಎಣಿಸುವಾಗ ಕೆಲಸಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ದೇವರನ್ನು ಬಾಲಾಲಯಕ್ಕೆ, ಅಂದರೆ ತಾತ್ಕಾಲಿಕ ಗುಡಿಗೆ, ಕರೆದೊಯ್ಯದೆ ಹಳೆಯ ಗರ್ಭಗುಡಿಗೆ ಕೈ ಹಾಕುವಂತಿಲ್ಲ. ಅಡಿಪಾಯ ಭದ್ರವಾಗದೆ ಶಿಲೆಯ ಕೆಲಸವಿಲ್ಲ. ಶಿಲೆಯ ಕೆಲಸ ಮೇಲೇಳದೆ ಮಾಡಿನ ಮರಕ್ಕೆ ಜಾಗವಿಲ್ಲ. ಮರದ ಕೆಲಸ ಮುಗಿಯದೆ ತಾಮ್ರದ ಹೊದಿಕೆ ಇಲ್ಲ. ತಾಮ್ರ ಮುಗಿಯದೆ ಮಾಡಿನ ತುದಿಗೆ ಮುಗುಳಿ ಇಡುವಂತಿಲ್ಲ. ಇಂಥ ಸಮಿತಿಗಳ ವಾರದ ಸಭೆಯಲ್ಲಿ ಕೂತವರಿಗೆ ಈ ಮಾತುಕತೆ ಪರಿಚಿತವೇ.

“ಆಚಾರ್ರೆ, ಮಾಡಿನ ಕೆಲ್ಸ ಎಲ್ಲಿಗ್ ಬಂತ್?”

“ಮರ ಬಂದಾಯ್ತ್. ಕೆತ್ತನೆ ಬಾಕಿ ಇತ್ತ್. ಇನ್ನ್ ಹದ್ನೈದ್ ದಿನ ಬೇಕ್.”

“ಹದ್ನೈದ್ ದಿನ ಆರೆ ತಾಮ್ರದವ್ರ್ ಯಾವಾಗ ಬಪ್ದ್? ಅವ್ರಿಗ್ ಮತ್ತೊಂದ್ ಕಡೆ ಕೆಲ್ಸ ಒಪ್ಕಂಡಾಯ್ತಂಬ್ರ್.”

ಈ ಮೂರು ಮಾತಿನಲ್ಲಿ ಒಂದು ಇಡೀ ಶಾಸ್ತ್ರ ಅಡಗಿದೆ. ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ, ಯಾವುದು ತಡವಾದರೆ ಇಡೀ ಉತ್ಸವವೇ ತಡವಾಗುತ್ತದೆ, ಯಾವುದು ನಾಲ್ಕು ದಿನ ತಡವಾದರೂ ನಡೆಯುತ್ತದೆ ಎಂಬ ಲೆಕ್ಕ ಅದು. ಊಟದ ಚಪ್ಪರ ಎರಡು ದಿನ ತಡವಾದರೆ ತೊಂದರೆಯಿಲ್ಲ. ಮಾಡಿನ ಮರ ಎರಡು ದಿನ ತಡವಾದರೆ ಮುಗುಳಿಯೂ ಎರಡು ದಿನ ತಡ. ಅಮೆರಿಕದ ಡ್ಯುಪಾಂಟ್ ಕಂಪನಿಯವರು 1957ರ ಸುಮಾರಿಗೆ ತಮ್ಮ ರಾಸಾಯನಿಕ ಕಾರ್ಖಾನೆಗಳಿಗಾಗಿ ಇದೇ ಲೆಕ್ಕವನ್ನು ಗಣಿತಕ್ಕಿಳಿಸಿದರು; ಅದೇ ಇಂದಿನ ‘ಕ್ರಿಟಿಕಲ್ ಪಾತ್’ ಕ್ರಮ. ಮರುವರ್ಷ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ‘ಪರ್ಟ್’ ಎಂಬ ಇನ್ನೊಂದು ಕ್ರಮ ಮಾಡಿಕೊಂಡಿತು. ಅದಕ್ಕೂ ಮೊದಲೇ, 1910ರ ದಶಕದಲ್ಲಿ, ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ ಕೆಲಸಗಳನ್ನು ಅಡ್ಡಪಟ್ಟಿಗಳಾಗಿ ಬರೆದು ತೋರಿಸುವ ಪಟವನ್ನು ಪ್ರಚಾರಕ್ಕೆ ತಂದಿದ್ದ. ಇಂದಿಗೂ ಎಂಜಿನಿಯರುಗಳ ಕಚೇರಿಯ ಗೋಡೆಯಲ್ಲಿ ಕಾಣುವುದು ಅದೇ ಗ್ಯಾಂಟ್ ಚಾರ್ಟ್.

ಯೋಜನೆ ಹಾಕುವ ಬುದ್ಧಿ ನಮ್ಮ ಕರಾವಳಿಗೆ ಹೊರಗಿನಿಂದ ಬರಬೇಕಾಗಿಲ್ಲ. ಗಂಗೊಳ್ಳಿಯ ಬೋಟಿನವರನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡಕ್ಕೆ ಬಂದ ಮೇಲೆ ಮರ ಬದಲಿಸುವುದು, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚುವುದು, ಬಲೆ ರಿಪೇರಿ, ಎಲ್ಲವೂ ಆ 61 ದಿನದೊಳಗೆ, ಅದೂ ಸುರಿಯುವ ಮಳೆಯಲ್ಲಿ. ಆಗಸ್ಟ್ ಬಂದಾಗ ಇಂಜಿನ್ ಇನ್ನೂ ವರ್ಕ್‌ಶಾಪಿನಲ್ಲಿದ್ದರೆ ಕೈತಪ್ಪಿದ್ದು ಆ ಬೋಟಿನವರ ಸಂಪಾದನೆ. ಯಕ್ಷಗಾನ ಮೇಳಗಳನ್ನು ನೋಡಿ. ಮಂದಾರ್ತಿಯ ಐದು ಮೇಳಗಳು ತಿರುಗಾಟಕ್ಕೆ ಹೊರಟರೆ ಒಂದೊಂದು ರಾತ್ರಿಗೂ ಐದು ಊರುಗಳಲ್ಲಿ ಹರಕೆಯಾಟ. ಆಟ ಆಡಿಸುವವರ ಹೆಸರು ವರ್ಷಗಟ್ಟಲೆ ಮೊದಲೇ ಬರೆಸಿಯಾಗಿರುತ್ತದೆ. ಇವತ್ತಿನ ರಂಗಸ್ಥಳ ಬಿಚ್ಚಿ ನಾಳಿನ ಊರಿಗೆ ಸಾಗಿಸಿ ಕಟ್ಟುವುದು, ಕಲಾವಿದರ ಬಿಡಾರ, ಹುಷಾರು ತಪ್ಪಿದವರ ವೇಷಕ್ಕೆ ಬದಲಿ ಜನ, ಇಷ್ಟನ್ನೂ ಮೇಳದ ಮ್ಯಾನೇಜರ್ ಆರು ತಿಂಗಳು ದಿನಾ ನಡೆಸುತ್ತಾರೆ.

ಹೀಗೆ ದೇವಸ್ಥಾನ, ಬೋಟು, ಮೇಳ ಮೂರರಲ್ಲೂ ನಾವು ಸಮಯಕ್ಕೆ ಸರಿಯಾಗಿ ಮುಗಿಸುವವರು. ಅದೇ ಊರಿನಲ್ಲಿ, ಅದೇ ಜನರ ನಡುವೆ, ಕಾಲುವೆ, ಸೇತುವೆ, ರಸ್ತೆಗಳು ಮಾತ್ರ ಮುಗಿಯುವುದೇ ಇಲ್ಲ ಎಂಬ ಮಾತಿದೆ. ಇದು ಯಾಕೆ? ಉತ್ತರಕ್ಕೆ ವಾರಾಹಿಯ ಕಡೆ ಹೋಗೋಣ.

ವಾರಾಹಿ ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿ, ಘಟ್ಟ ಇಳಿದು, ಕುಂದಾಪುರದ ಬಳಿ ಸೌಪರ್ಣಿಕಾ, ಚಕ್ರಾ ಮೊದಲಾದ ನದಿಗಳ ಜೊತೆ ಪಂಚಗಂಗಾವಳಿಯಾಗಿ ಸಮುದ್ರ ಸೇರುವ ಹೊಳೆ. ಈ ಒಂದು ಹೊಳೆಯ ಮೇಲೆ ಸರ್ಕಾರ ಎರಡು ಯೋಜನೆ ಹಾಕಿತು. ಒಂದು ವಿದ್ಯುತ್ತಿಗೆ, ಇನ್ನೊಂದು ನೀರಾವರಿಗೆ. ಮೇಲೆ ಮಾಣಿ ಅಣೆಕಟ್ಟು ಕಟ್ಟಿ, ನೀರನ್ನು ಸುರಂಗದಲ್ಲಿ ಇಳಿಸಿ, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿಸಬೇಕು. ಅಲ್ಲಿಂದ ಹೊರಬಿದ್ದ ನೀರನ್ನು ಸಿದ್ದಾಪುರದ ಬಳಿ ಹೊರಿಅಬ್ಬೆಯಲ್ಲಿ ತಡೆದು, ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ಗದ್ದೆಗೆ ಹರಿಸಬೇಕು. ಒಂದರ ನೀರು ಇನ್ನೊಂದಕ್ಕೆ. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಯೋಜನೆ ಸಿಗಲಾರದು.

ವಿದ್ಯುತ್ ಯೋಜನೆಯ ಮೊದಲ ಹಂತದ ತಲಾ 115 ಮೆಗಾವಾಟಿನ ಎರಡು ಘಟಕಗಳು 1989-90ರಲ್ಲಿ ಕೆಲಸ ಶುರು ಮಾಡಿದವು. ಅಷ್ಟೇ ದೊಡ್ಡ ಇನ್ನೆರಡು ಘಟಕಗಳು 2009ರಲ್ಲಿ ಬಂದು ಒಟ್ಟು 460 ಮೆಗಾವಾಟ್ ಆಯಿತು. ನೀರಾವರಿ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1979ರಲ್ಲಿ. ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. ನೀರುಣ್ಣಬೇಕಾಗಿದ್ದ ಭೂಮಿ ಅಂದಿನ ಕುಂದಾಪುರ ಮತ್ತು ಉಡುಪಿ ತಾಲ್ಲೂಕುಗಳ 15,702 ಹೆಕ್ಟೇರ್. ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟದ್ದು 2015ರಲ್ಲಿ, ಅದೂ ಮೊದಲ ಹಂತಕ್ಕೆ. ಮಂಜೂರಾತಿಯಿಂದ 36 ವರ್ಷ. ಅಷ್ಟರಲ್ಲಿ ಪರಿಷ್ಕೃತ ಅಂದಾಜು 569.53 ಕೋಟಿಗೆ, ಅಂದರೆ ಮೂಲದ ಅರವತ್ತು ಪಟ್ಟಿಗೆ, ಏರಿತ್ತು. ಯೋಜನೆ ಹುಟ್ಟಿದಾಗ ಇದು ದಕ್ಷಿಣ ಕನ್ನಡ ಜಿಲ್ಲೆ. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬ್ರಹ್ಮಾವರ, ಬೈಂದೂರು ಬೇರೆ ತಾಲ್ಲೂಕುಗಳಾದವು. ನಕ್ಷೆಯೇ ಎರಡು ಸಲ ಬದಲಾಯಿತು. ಗದ್ದೆ ಮಾರಿದವರು, ಅಡಿಕೆ ಹಾಕಿದವರು, ಗೇಣಿಗೆ ಬಿಟ್ಟು ಊರು ಬಿಟ್ಟವರು ಎಷ್ಟೋ ಜನ.

ಹೊಳೆ ಒಂದೇ, ರಾಜ್ಯ ಒಂದೇ. ಮತ್ತೆ ವ್ಯತ್ಯಾಸ ಎಲ್ಲಿ? ವಿದ್ಯುತ್ ಯೋಜನೆಯ ಜವಾಬ್ದಾರಿ ವಿದ್ಯುತ್ ನಿಗಮ ಒಂದರದ್ದೇ. ಕೆಲಸ ನಡೆಯುವ ಜಾಗ ಅಣೆಕಟ್ಟು, ಸುರಂಗ, ವಿದ್ಯುದಾಗಾರ ಎಂದು ಕೆಲವೇ ಕಡೆ. ಕಾಲುವೆಯ ಕಥೆ ಬೇರೆ. ಅದು ಊರಿಂದೂರಿಗೆ ಹರಿಯಬೇಕು. ದಾರಿಯಲ್ಲಿ ಅರಣ್ಯ ಭೂಮಿ ಇದೆ, ಪಟ್ಟಾ ಜಮೀನಿದೆ, ಬಂಡೆ ಇದೆ, ರಸ್ತೆ ಇದೆ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಡಿನ ಜಾಗಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಭೂಸ್ವಾಧೀನಕ್ಕೆ ಕಂದಾಯ ಇಲಾಖೆ, ಕಾಡಿಗೆ ಅರಣ್ಯ ಇಲಾಖೆ, ಕಾಲುವೆಗೆ ನೀರಾವರಿ ಇಲಾಖೆ, ಆಮೇಲೆ ಕರ್ನಾಟಕ ನೀರಾವರಿ ನಿಗಮ. ಒಬ್ಬೊಬ್ಬರದ್ದೂ ಒಂದೊಂದು ಕಡತ. ಎಲ್ಲ ಕಡತಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ಇದಕ್ಕೆ ಅದು ಕಾಯುತ್ತಿದೆ, ಅದಕ್ಕೆ ಇಂಥವರು ಹೊಣೆ, ಇಂಥ ದಿನದೊಳಗೆ ಆಗಬೇಕು ಎಂದು ಕೇಳುವ ತಂತ್ರಿಗಳು ಇರಲಿಲ್ಲ. ಮುಹೂರ್ತವೂ ಇರಲಿಲ್ಲ. ಕಾನೂನು ಬದಲಾದದ್ದು ಯಾರ ತಪ್ಪೂ ಅಲ್ಲ. ಕಾನೂನು ಬದಲಾದ ಮೇಲೂ ಹಳೆಯ ಯೋಜನೆಯನ್ನೇ ಇಟ್ಟುಕೊಂಡು ಕೂತದ್ದು ತಪ್ಪು.

ಯೋಜನೆ ತಡವಾದರೆ ಆ ಕಾಲುವೆಯೊಂದೇ ತಡವಾಯಿತು ಎಂದುಕೊಂಡವರು ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನೆನಪಿಸಿಕೊಳ್ಳಬೇಕು. ವಾರಾಹಿಯ ನೀರು ಬರುತ್ತದೆ, ಕಬ್ಬು ಬೆಳೆಯುತ್ತದೆ ಎಂಬ ಭರವಸೆಯಲ್ಲಿ 1980ರ ದಶಕದಲ್ಲಿ ಬಂದ ಕಾರ್ಖಾನೆ ಅದು. ರೈತರು ಷೇರು ಹಾಕಿದರು. ಯಂತ್ರ ಬಂತು, ಚಿಮಣಿ ಎದ್ದಿತು. ನೀರು ಬರಲಿಲ್ಲ. ಬೇಕಾದಷ್ಟು ಕಬ್ಬು ಸಿಗಲಿಲ್ಲ. 2000ರ ದಶಕದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನೀರು ಬರುವ ಹೊತ್ತಿಗೆ ನುರಿಸುವ ಗಾಣ ಇರಲಿಲ್ಲ. ಒಂದು ಯೋಜನೆಯ ಕೊನೆಯ ದಿನವನ್ನು ನಂಬಿ ಇನ್ನೊಂದು ಯೋಜನೆಯ ಮೊದಲ ದಿನ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ದೇವಸ್ಥಾನದ ಸಮಿತಿ ಮರದ ಕೆಲಸ ಎಲ್ಲಿಗೆ ಬಂತೆಂದು ಕೇಳದೆ ತಾಮ್ರದವರನ್ನು ಕರೆಸುವುದಿಲ್ಲ. ಬ್ರಹ್ಮಾವರದಲ್ಲಿ ಕೇಳುವ ಮೊದಲೇ ಕರೆಸಿಯಾಗಿತ್ತು.

ಇನ್ನೊಂದು ಉದಾಹರಣೆ ನಮ್ಮ ಮೂರೂ ತಾಲ್ಲೂಕುಗಳ ನಡುವೆ ದಿನಾ ಸೀಟಿ ಹೊಡೆದು ಹೋಗುತ್ತದೆ. ಕೊಂಕಣ ರೈಲ್ವೆ. ಬಾರ್ಕೂರು, ಕುಂದಾಪುರ, ಸೇನಾಪುರ, ಬಿಜೂರು, ಮೂಕಾಂಬಿಕಾ ರೋಡ್ ಬೈಂದೂರು, ಇವೆಲ್ಲ ಅದರ ನಿಲ್ದಾಣಗಳು. 1990ರ ಜುಲೈಯಲ್ಲಿ ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಆಗ ರೈಲ್ವೆ ಇಲಾಖೆಯ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಬಾಂಡುಗಳ ಮೂಲಕ ಸಾಲ ಎತ್ತಿದ ಹಣ. ರೋಹಾದಿಂದ ಮಂಗಳೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗ, ದೊಡ್ಡದು ಸಣ್ಣದು ಸೇರಿ ಎರಡು ಸಾವಿರದಷ್ಟು ಸೇತುವೆ. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿಲೋಮೀಟರ್ ಮೀರಿದ್ದು.

ಇಲ್ಲಿಯೂ ಕಾಡಿತ್ತು, ಹೊಳೆ ಇತ್ತು, ನೂರಾರು ಊರುಗಳ ಪಟ್ಟಾ ಜಮೀನಿತ್ತು. ಐದು ವರ್ಷಕ್ಕೆ ಮುಗಿಸಬೇಕು ಎಂದು ಹೊರಟ ಕೆಲಸ ಮುಗಿದದ್ದು 1998ರ ಜನವರಿಯಲ್ಲಿ. ಅಂದರೆ ಏಳೂವರೆ ವರ್ಷ. ಗೋವಾದಲ್ಲಿ ಮಾರ್ಗದ ಬಗ್ಗೆ ಜನ ಪ್ರತಿಭಟಿಸಿದರು. ಪೆರ್ನೆಮ್ ಕಡೆಯ ಸುರಂಗದಲ್ಲಿ ಮಣ್ಣು ಮೆದುವಾಗಿ ಕುಸಿಯುತ್ತಲೇ ಇತ್ತು. ಖರ್ಚೂ ಮೊದಲ ಅಂದಾಜನ್ನು ದಾಟಿತು. ಆದರೂ ಜನ ಇದನ್ನು ಗೆದ್ದ ಯೋಜನೆ ಎನ್ನುತ್ತಾರೆ, ಮತ್ತು ಅದು ಸರಿ. ಇಡೀ ಮಾರ್ಗವನ್ನು ತುಂಡು ತುಂಡಾಗಿ ವಿಂಗಡಿಸಿ ಪ್ರತಿ ತುಂಡಿಗೂ ಒಬ್ಬ ಮುಖ್ಯ ಎಂಜಿನಿಯರನ್ನು ಹೊಣೆ ಮಾಡಿದ್ದರು. ಹಣ ಮಂಜೂರು ಮಾಡುವ ಅಧಿಕಾರ ಅವರ ಕೈಯಲ್ಲೇ ಇತ್ತು. ಮುಗಿದ ತುಂಡನ್ನು ಕಾಯಿಸದೆ ಓಡಾಟಕ್ಕೆ ಬಿಟ್ಟರು. ಮಂಗಳೂರು ಮತ್ತು ಉಡುಪಿ ನಡುವೆ 1993ರ ಮಾರ್ಚ್‌ನಲ್ಲೇ ರೈಲು ಓಡಿತು. ಸುರಂಗ ಕುಸಿದಾಗ ದಿನಾಂಕ ಬದಲಿಸಿದರು. ಬದಲಿಸಿದ್ದನ್ನು ಮುಚ್ಚಿಡಲಿಲ್ಲ. ಯಾಕೆ ಬದಲಾಯಿತು, ಹೊಸ ದಿನ ಯಾವುದು ಎಂದು ಹೇಳಿದರು.

ಈಗ ಯೋಜನೆ ಬರೆಯುವ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಅನೇಕರು ಯಾವುದಾದರೊಂದು ಸಮಿತಿಯಲ್ಲಿ ಇರುವವರೇ. ಶಾಲೆಯ ಕಟ್ಟಡ, ಹಾಲು ಸೊಸೈಟಿಯ ಗೋದಾಮು, ಯುವಕ ಮಂಡಲದ ರಂಗಮಂಟಪ, ಕಿಂಡಿ ಅಣೆಕಟ್ಟು, ಯಾವುದೇ ಇರಲಿ, ಒಂದು ನೋಟ್ ಪುಸ್ತಕ ಸಾಕು. ಕಂಪ್ಯೂಟರು ಬೇಕೆಂದೇನೂ ಇಲ್ಲ.

ಮೊದಲ ಪುಟದಲ್ಲಿ ಏನು ಕಟ್ಟುತ್ತೇವೆ, ಏನು ಕಟ್ಟುವುದಿಲ್ಲ ಎರಡನ್ನೂ ಬರೆಯಿರಿ. ಶಾಲೆಗೆ ಎರಡು ಕೋಣೆ ಎಂದು ಹೊರಟ ಕೆಲಸಕ್ಕೆ ನಡುವೆ ಒಬ್ಬರು ರಂಗಮಂಟಪ ಸೇರಿಸುತ್ತಾರೆ, ಇನ್ನೊಬ್ಬರು ಕಾಂಪೌಂಡು ಸೇರಿಸುತ್ತಾರೆ. ಕೊನೆಗೆ ಕೋಣೆಗೆ ಮಾಡೇ ಇರುವುದಿಲ್ಲ.

ಎರಡನೆಯ ಪುಟದಲ್ಲಿ ಮುಗಿಯುವ ದಿನ ಬರೆಯಿರಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಎಣಿಸುವಾಗ ನಮ್ಮ ವರ್ಷಕ್ಕೆ ಹನ್ನೆರಡು ತಿಂಗಳಿಲ್ಲ ಎನ್ನುವುದನ್ನು ಮರೆಯಬೇಡಿ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಜಾಗ ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಡಿಪಾಯ ತೋಡುವುದಕ್ಕೆ, ಹೊಳೆಗೆ ಇಳಿಯುವುದಕ್ಕೆ, ಮುರಕಲ್ಲು ಕಡಿಯುವುದಕ್ಕೆ ಸಿಗುವುದು ಏಳೆಂಟು ತಿಂಗಳು. ಬೆಂಗಳೂರಿನಲ್ಲಿ ಕೂತು ಹನ್ನೆರಡು ತಿಂಗಳಿನ ವೇಳಾಪಟ್ಟಿ ಹಾಕಿದವರು ಇಲ್ಲಿ ಬಂದು ಎರಡು ವರ್ಷ ತೆಗೆದುಕೊಳ್ಳುವುದು ಸೋಮಾರಿತನದಿಂದಲ್ಲ. ಸರ್ಕಾರಿ ಹಣ ಫೆಬ್ರವರಿ, ಮಾರ್ಚ್‌ನಲ್ಲಿ ಬಿಡುಗಡೆಯಾಗುತ್ತದೆ, ಟೆಂಡರು ಮುಗಿಯುವಾಗ ಏಪ್ರಿಲ್, ಗುಂಡಿ ತೋಡುವಾಗ ಮೇ, ಗುಂಡಿ ತುಂಬುವುದು ಜೂನ್‌ನ ನೀರಿನಿಂದ. ಮಳೆ ಎನ್ನುವುದು ನಮ್ಮಲ್ಲಿ ಆಕಸ್ಮಿಕ ಅಲ್ಲವಲ್ಲ. ಅದನ್ನು ವೇಳಾಪಟ್ಟಿಯಲ್ಲೇ ಬರೆಯಬೇಕು.

ಮೂರನೆಯ ಪುಟದಲ್ಲಿ ಕೆಲಸಗಳ ಪಟ್ಟಿ. ಪ್ರತಿ ಕೆಲಸದ ಎದುರು ಮೂರು ವಿಷಯ ಇರಲಿ: ಇದು ಯಾವುದಕ್ಕೆ ಕಾಯುತ್ತದೆ, ಎಷ್ಟು ದಿನ ಬೇಕು, ಹೊಣೆ ಯಾರದ್ದು. ಹೊಣೆಯ ಜಾಗದಲ್ಲಿ ‘ಸಮಿತಿ’ ಎಂದು ಬರೆಯಬೇಡಿ. ಸಮಿತಿ ಎಂದರೆ ಎಲ್ಲರೂ, ಎಲ್ಲರೂ ಎಂದರೆ ಯಾರೂ ಅಲ್ಲ. ಒಬ್ಬ ಮನುಷ್ಯನ ಹೆಸರು ಬೇಕು. ಪರವಾನಗಿಗಳನ್ನೂ ಕೆಲಸವೆಂದೇ ಬರೆಯಿರಿ. ಮರಳಿನ ಪರ್ಮಿಟ್, ವಿದ್ಯುತ್ ಸಂಪರ್ಕ, ಪಂಚಾಯತಿಯ ಲೈಸೆನ್ಸು, ಪಕ್ಕದ ಜಾಗದವರ ಒಪ್ಪಿಗೆ ಪತ್ರ, ಇವೇ ಕಡೆಗೆ ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು. ವಾರಾಹಿ ಕಾಲುವೆಯನ್ನು ತಡೆದು ನಿಲ್ಲಿಸಿದ್ದು ಬಂಡೆಗಿಂತ ಹೆಚ್ಚಾಗಿ ಕಾಗದ.

ನಾಲ್ಕನೆಯ ಪುಟದಲ್ಲಿ ಹಣ. ಬರಬೇಕಾದ್ದು, ಬಂದದ್ದು, ಖರ್ಚಾದ್ದು. ವಾಗ್ದಾನವಾದ ದೇಣಿಗೆಯನ್ನು ಬಂದ ಹಣದ ಸಾಲಿಗೆ ಸೇರಿಸಬೇಡಿ.

ಐದನೆಯ ಪುಟದಲ್ಲಿ ಏನು ಕೈಕೊಡಬಹುದು ಎನ್ನುವ ಪಟ್ಟಿ. ಕಂಟ್ರಾಕ್ಟರು ಬಿಟ್ಟು ಹೋದರೆ? ಕೆಲಸದವರು ಚುನಾವಣೆಗೆಂದು ಊರಿಗೆ ಹೋದರೆ? ಕಬ್ಬಿಣದ ರೇಟು ಏರಿದರೆ? ಒಂದೊಂದಕ್ಕೂ ಒಂದು ಸಾಲಿನ ಉತ್ತರ ಸಾಕು.

ಇಷ್ಟು ಬರೆದಾಗ ಯೋಜನೆ ಹುಟ್ಟಿದಂತೆ. ಇದಕ್ಕೆ ಒಂದು ದಿನ ಸಾಕು, ಒಂದು ಒಳ್ಳೆಯ ಚಾ ಸಾಕು. ಇನ್ನು ಮುಂದಿನದೇ ಕಷ್ಟ, ಯಾಕೆಂದರೆ ಯೋಜನೆ ಬರೆದ ಮರುದಿನದಿಂದಲೇ ಹಳತಾಗಲು ತೊಡಗುತ್ತದೆ. ನಮ್ಮ ಹೆಚ್ಚಿನ ಯೋಜನೆಗಳು ಸಾಯುವುದು ತಪ್ಪಾಗಿ ಬರೆದದ್ದಕ್ಕಲ್ಲ. ಬರೆದ ಮೇಲೆ ಯಾರೂ ಪುಸ್ತಕ ತೆರೆಯದೆ ಇದ್ದದ್ದಕ್ಕೆ.

ಹಾಗಾಗಿ ಹದಿನೈದು ದಿನಕ್ಕೊಮ್ಮೆ ಒಂದೇ ಗಂಟೆ, ಒಂದೇ ಜಾಗದಲ್ಲಿ ಸಭೆ ಇರಲಿ. ಭಾಷಣ ಬೇಡ. ಪಟ್ಟಿ ಓದುತ್ತಾ ಹೋಗಿ, ಮುಗಿದದ್ದಕ್ಕೆ ಗೆರೆ ಹೊಡೆಯಿರಿ. ‘ಮುಕ್ಕಾಲು ಭಾಗ ಆಯಿತು’ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಕೆಲಸ ಆಗಿದೆ ಅಥವಾ ಆಗಿಲ್ಲ. ಆಗಿಲ್ಲವಾದರೆ ಇನ್ನು ಎಷ್ಟು ದಿನ, ಅದರಿಂದ ಹಿಂದೆ ಬಿದ್ದದ್ದು ಯಾವುದು ಎಂದು ಕೇಳಿ. ದಿನಾಂಕ ಬದಲಾಗಲೇಬೇಕಾದರೆ ಬದಲಿಸಿ. ಅದರಲ್ಲಿ ಅವಮಾನ ಇಲ್ಲ, ಶ್ರೀಧರನ್ ಅವರೂ ಬದಲಿಸಿದ್ದಾರೆ. ಹಳೆಯ ದಿನಾಂಕವನ್ನು ಮಾತ್ರ ಅಳಿಸಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದು, ಕಾರಣವನ್ನೂ, ಒಪ್ಪಿದವರ ಸಹಿಯನ್ನೂ ಹಾಕಿ. ಮೂರು ಸಲ ಬದಲಾದ ದಿನಾಂಕ ಎದುರಿಗೆ ಕಾಣುತ್ತಿದ್ದರೆ ನಾಲ್ಕನೆಯ ಸಲ ಬದಲಿಸಲು ಕೈ ಹಿಂಜರಿಯುತ್ತದೆ. ಅಳಿಸಿದರೆ ಪ್ರತಿ ಸಲವೂ ಮೊದಲ ಸಲದ ಹಾಗೆಯೇ ಕಾಣುತ್ತದೆ.

ಹೊಸ ಬೇಡಿಕೆ ಬಂದಾಗಲೂ ಇದೇ ನಿಯಮ. ದೊಡ್ಡ ದಾನಿಯೊಬ್ಬರು ಮುಖಮಂಟಪ ಇನ್ನೂ ಹತ್ತು ಅಡಿ ಮುಂದೆ ಬರಲಿ ಎಂದರೆ ಬೇಡ ಎನ್ನಬೇಕಿಲ್ಲ. ಆ ಹತ್ತು ಅಡಿಗೆ ಎಷ್ಟು ದಿನ, ಎಷ್ಟು ಹಣ ಎಂದು ಅಲ್ಲೇ ಲೆಕ್ಕ ಹಾಕಿ ಹೇಳಿ. ಲೆಕ್ಕ ಕೇಳಿದ ಮೇಲೆ ಅರ್ಧ ಬೇಡಿಕೆಗಳು ತಾವಾಗಿಯೇ ಕರಗುತ್ತವೆ. ಉಳಿದವು ನಿಜಕ್ಕೂ ಬೇಕಾದವು.

ಕೊನೆಯದಾಗಿ, ಪುಸ್ತಕ ಕಾರ್ಯದರ್ಶಿಯ ಕಪಾಟಿನಲ್ಲಿ ಇರಬಾರದು. ಪಟ್ಟಿಯ ಒಂದು ಪ್ರತಿ ಎಲ್ಲರಿಗೂ ಕಾಣುವ ಗೋಡೆಯಲ್ಲಿ ಇರಲಿ. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಗೆ ಶಕ್ತಿ ಬರುವುದು ಅದು ಮನೆಮನೆಗೆ ಹೋಗಿರುವುದರಿಂದ. ಸಾವಿರ ಜನ ಓದಿದ ದಿನಾಂಕವನ್ನು ತಪ್ಪಿಸುವುದು ಕಷ್ಟ. ಒಂದು ಕಡತದೊಳಗೆ ಇಬ್ಬರಿಗೆ ಮಾತ್ರ ಗೊತ್ತಿರುವ ದಿನಾಂಕವನ್ನು ತಪ್ಪಿಸುವುದು ಸುಲಭ.

ಇದೇ ಮಾತು ಸರ್ಕಾರಿ ಕೆಲಸಕ್ಕೂ ಸಲ್ಲುತ್ತದೆ. ಗ್ರಾಮಸಭೆಗೆ ನಾವು ಹೋಗುತ್ತೇವೆ, ರಸ್ತೆ ಆಗಲಿಲ್ಲ, ಮೋರಿ ಆಗಲಿಲ್ಲ ಎಂದು ಜೋರು ಮಾಡುತ್ತೇವೆ. ‘ಆದಷ್ಟು ಬೇಗ ಮಾಡಿಸುತ್ತೇವೆ’ ಎಂಬ ಉತ್ತರ ಬರುತ್ತದೆ, ಎದ್ದು ಬರುತ್ತೇವೆ. ಆದಷ್ಟು ಬೇಗ ಎನ್ನುವ ದಿನ ಯಾವ ಪಂಚಾಂಗದಲ್ಲೂ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ಜೋರು ಮಾಡುವ ಬದಲು ಮೂರು ಪ್ರಶ್ನೆ ಕೇಳಿ. ಈ ಕೆಲಸ ಮುಗಿಯುವ ದಿನ ಯಾವುದು? ಈಗ ಅದು ಯಾವುದಕ್ಕೆ ಕಾಯುತ್ತಿದೆ? ಆ ತಡೆಯನ್ನು ಬಿಡಿಸಬೇಕಾದ ಅಧಿಕಾರಿ ಯಾರು, ಯಾವ ದಿನದೊಳಗೆ? ಉತ್ತರ ಏನೇ ಬರಲಿ, ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಮತ್ತೊಂದು ಸಭೆಯಲ್ಲಿ ಅದೇ ಪುಟ ತೆರೆಸಿ ಓದಿಸಿ. ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಕೈಯಲ್ಲಿದೆ, ಯೋಜನೆಯ ವೇಳಾಪಟ್ಟಿಯ ಪ್ರತಿ ಕೇಳಿ ಪಡೆಯಬಹುದು.

ಮುಹೂರ್ತ ಇಟ್ಟ ಕೆಲಸವನ್ನು ನಮ್ಮ ಜನ ಬಾಕಿ ಇಟ್ಟದ್ದು ಕಡಿಮೆ. ಊರಿನ ರಸ್ತೆಗೂ, ಶಾಲೆಗೂ, ಕಾಲುವೆಗೂ ಒಂದೊಂದು ಮುಹೂರ್ತ ಬರೆಸಿಕೊಳ್ಳಿ, ಅದನ್ನು ಹದಿನೈದು ದಿನಕ್ಕೊಮ್ಮೆ ಎಲ್ಲರೆದುರು ಓದಿ.